ಬಂಗಡೆ ಸಾರಿಗೆ ಬೆಲ್ಲ

ಜುಮ್ಮನಕಾಯಿ ಜಜ್ಜಿದ ವಾಸನೆ ಸಾಬೂನು ಹಾಕಿ ತೊಳೆದರೂ ಬೆರಳು ಬಿಡುವುದಿಲ್ಲ. ಮಧ್ಯಾಹ್ನಕ್ಕೆ ಬಂಗಡೆ ಮೀನಿನ ಸಾರು ಮಾಡಿದ್ದೆ. ಈಗ ಬರೆಯಲು ಕುಳಿತರೆ ಪೆನ್ನಿಗೂ ಅದೇ ಘಾಟು. ನಮ್ಮ ಹೊನ್ನಾವರದ ಕಡೆ ಈ ಕಾಯಿ ಬೀಳದಿದ್ದರೆ ಬಂಗಡೆ ಬಂಗಡೆಯಲ್ಲ. ಅಮ್ಮನಿಗೆ ನಾವು ಆಯಿ ಅನ್ನುವುದು; ಆಯಿಯ ಸಾರಿನಲ್ಲಿ ಅದು ನಾಲಿಗೆಯನ್ನು ಜುಮ್ಮೆನ್ನಿಸುತ್ತಿತ್ತು. ಜೊತೆಗೆ ಹುಳಿ, ಖಾರ, ತೆಂಗಿನಕಾಯಿ, ಅಷ್ಟೇ. ಯಾವಾಗಲೋ ಅದಕ್ಕೆ ಬೆಲ್ಲ ಸೇರಿತು.

ಯಾವಾಗ? ತೊಡಕಿರುವುದೇ ಇಲ್ಲಿ. ಆಯಿ ಮನೆಯವರ ಹೆಸರುಗಳನ್ನು ಒಂದೊಂದಾಗಿ ಮರೆಯತೊಡಗಿದಾಗ ಕುಮಟೆಯ ಡಾಕ್ಟರರ ಬಳಿ ಕರೆದೊಯ್ದಿದ್ದೆ. "ಇದಕ್ಕೂ ಮುಂಚೆ ಊಟದಲ್ಲಿ ಏನಾದರೂ ಬದಲಾವಣೆ ಕಂಡಿತ್ತಾ? ಕೆಲವರಿಗೆ ಮರೆವು ಬರುವ ಮೊದಲೇ ಸಿಹಿಯ ಆಸೆ ಹೆಚ್ಚಾಗುತ್ತೆ" ಎಂದರು. ನನಗೆ ತಟ್ಟನೆ ಆ ಬೆಲ್ಲ ನೆನಪಾಯಿತು.

ನಾನು ಕಾಲೇಜಿನ ದಿನಗಳಿಂದಲೂ ದಿನಚರಿ ಬರೆಯುವವಳು. ಹಳೆಯವನ್ನೆಲ್ಲ ತಿರುವಿ ನೋಡಿದೆ. ಮಳೆ ಇದೆ, ಓದಿದ ಪುಸ್ತಕಗಳಿವೆ, ನನ್ನ ಬೇಸರಗಳಂತೂ ಪುಟಗಟ್ಟಲೆ. ಆಯಿ ಬಡಿಸಿದ್ದರ ಬಗ್ಗೆ ಮಾತ್ರ "ಊಟವಾಯಿತು" ಎಂಬ ಒಂದೇ ಮಾತು. ನೀವಾದರೂ ಹೇಳಿ, ನಿಮ್ಮ ಮನೆಯ ಸಾರು ಮೊದಲು ಹೇಗಿತ್ತೆಂದು ನಿಮಗೆ ಖಾತ್ರಿಯಿದೆಯೇ?

ಭಟ್ಕಳ ಬಂದರಿನಲ್ಲಿ ಬೋಟಿನ ಕೆಲಸಕ್ಕಿರುವ ಅಣ್ಣನಿಗೆ ಫೋನ್ ಮಾಡಿದೆ.

"ಆಯಿ ಮೊದ್ಲಿಂದ್ಲೂ ಚೂರು ಬೆಲ್ಲ ಹಾಕ್ತಿತ್ತು" ಎಂದ.

"ಇಲ್ಲ ಅಣ್ಣ, ಆಮೇಲೆ ಶುರು ಮಾಡಿದ್ದು."

"ನಿಂಗೆಂತ ಗೊತ್ತು? ನೀ ಪುಸ್ತಕ ಹಿಡ್ಕಂಡು ಉಣ್ತಿದ್ದೆ. ಮುಳ್ಳು ಗಂಟ್ಲಿಗೆ ಸಿಕ್ಕಿದ್ಮೇಲೇ ನಿಂಗೆ ಮೀನು ಅಂತ ತಿಳೀತಿತ್ತು."

ನಿಜ. ಆದರೆ ಅವನೂ ವಾರಗಟ್ಟಲೆ ಸಮುದ್ರದ ಮೇಲಿದ್ದು ಬೋಟಿನ ಅಡುಗೆ ಉಂಡವನು. ಅವನ ನಾಲಿಗೆಯ ಸಾಕ್ಷಿಯೂ ಅಷ್ಟಕ್ಕಷ್ಟೆ.

ನನ್ನನ್ನು ಕಾಡಿದ್ದು ಇಸವಿಯಲ್ಲ. ಆ ಬೆಲ್ಲದ ಸಾರನ್ನು ನಾವೆಲ್ಲ ಬೆರಳು ಚೀಪಿ ಉಂಡಿದ್ದೇವೆ. ನನ್ನ ಮಗಳಿಗೆ ಅಜ್ಜಿಯ ಕೈರುಚಿಯೆಂದರೆ ಅದೇ. ಅದನ್ನು ಮಾಡಿದ್ದು ಆಯಿಯೋ, ಅವಳ ಕಾಯಿಲೆಯೋ?

ಇವತ್ತು ಬೇಕೆಂದೇ ಬೆಲ್ಲ ಹಾಕಿದೆ. ಆಯಿ ಒಂದು ತುತ್ತು ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದಳು.

"ಎಂತದೇ ಇದು? ಬಂಗಡೆಗೆ ಯಾರಾದ್ರೂ ಬೆಲ್ಲ ಹಾಕ್ತಾರಾ? ನಿಂಗೆ ಅಡುಗೆ ಕಲ್ಸಿದ್ದು ಯಾರು?"

"ನಮ್ಮ ಆಯಿ."

"ಹಂಗಾರೆ ಅವ್ಳಿಗೂ ಬರ್ತಿರ್ಲಿಲ್ಲ."

ತಿಂಗಳುಗಳಿಂದ ಕೊಟ್ಟದ್ದನ್ನು ತೆಪ್ಪಗೆ ತಿನ್ನುತ್ತಿದ್ದ ಆಯಿ, ಅಡುಗೆಮನೆ ಅವಳದಾಗಿದ್ದ ಕಾಲದ ದನಿಯಲ್ಲೇ ಬೈದಳು. ಇದರಿಂದ ಏನು ಸಾಬೀತಾಯಿತೋ ನನಗೆ ತಿಳಿಯದು. ಬೆಲ್ಲ ಕಾಯಿಲೆಯದೇ ಇರಬಹುದು; ಈ ಬೈಗುಳ ಮಾತ್ರ ಆಯಿಯದೇ. ನಾನು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರೆ, ಅವಳು ಅನ್ನವನ್ನೆಲ್ಲ ಮುಗಿಸಿ ತಟ್ಟೆಯನ್ನು ನನ್ನತ್ತ ತಳ್ಳಿದಳು.

"ಆತು, ಇನ್ನೊಂಚೂರು ಸಾರು ಹಾಕು."

ಘಾಟು ಇನ್ನೂ ಬೆರಳಿನಲ್ಲಿದೆ. ಇವತ್ತಿನ ಪುಟದಲ್ಲಿ ಮಳೆಯ ಬಗ್ಗೆ ಏನೂ ಬರೆದಿಲ್ಲ. ಸಾರಿಗೆ ಬೆಲ್ಲ ಹಾಕಿದ್ದೆ, ಆಯಿ ಬೈದಳು, ಮತ್ತೆ ಹಾಕಿಸಿಕೊಂಡು ಉಂಡಳು.