ಹಗೇವಿನಲ್ಲಿಟ್ಟ ಡೇರೆಗಳು

ಚನಮಲ್ಲಪ್ಪ ಮಾಸ್ತರರು ಮುರಗೆಪ್ಪನನ್ನು ಮೊದಲು ಕಂಡ ದಿನ ಅವನು ತನ್ನ ಅಂಗಳದ ಹಗೇವಿನ ಬಾಯಿಕಲ್ಲನ್ನು ಸರಿಸುತ್ತಿದ್ದ. ಮಾಸ್ತರರು ಸಾವಳಗಿಯ ಶಾಲೆಗೆ ವರ್ಗವಾಗಿ ಬಂದು ಎರಡೇ ದಿನವಾಗಿತ್ತು. ಮಕ್ಕಳ ಶಿಬಿರಕ್ಕೆಂದು ಶಾಲೆಯ ನಾಲ್ಕು ಡೇರೆಗಳನ್ನು ನೋಡಲು ಬಂದಿದ್ದರು. ಶಾಲೆಯ ಸಿಪಾಯಿ ಮುರಗೆಪ್ಪ ಹೋದ ಮಳೆಗಾಲದಲ್ಲಿ ಅವನ್ನು ಹಸಿಹಸಿಯಾಗಿಯೇ ಮಡಚಿ, ಅಜ್ಜ ಜೋಳ ತುಂಬಿಡುತ್ತಿದ್ದ ಆ ನೆಲಗಣಜಕ್ಕೆ ಇಳಿಸಿ ಬಾಯಿ ಮುಚ್ಚಿದ್ದ.

"ನಮ್ಮಜ್ಜನ ಜ್ವಾಳಾ ಮೂರ ವರ್ಷ ಇದ್ರೂ ಒಂದ ಕಾಳಿಗೆ ಬೂಷ್ಟ ಹಿಡದಿಲ್ರಿ ಸರ," ಎಂದ ಮುರಗೆಪ್ಪ.

ಅಜ್ಜನ ಕಾಲದಲ್ಲಿ ಹಿತ್ತಲಿಗೆ ಹತ್ತಿಕೊಂಡು ನೀರುಣ್ಣುವ ಕಬ್ಬಿನ ಗದ್ದೆಯಿರಲಿಲ್ಲ; ಈಗ ಅದರ ತೇವ ಹಗೇವಿನ ಗೋಡೆಗೂ ಇಳಿದಿತ್ತು. ಕಲ್ಲು ಸರಿದೊಡನೆ ಕೊಳೆತ ವಾಸನೆ ಮುಖಕ್ಕೆ ಹೊಡೆಯಿತು. ಮುರಗೆಪ್ಪನ ಮುಖ ಬಿಳಿಚಿತು. ಸೊಂಟಕ್ಕೆ ಹಗ್ಗ ಬಿಗಿದು ತುದಿಯನ್ನು ಹೆಂಡತಿ ಶಿವಗಂಗವ್ವನ ಕೈಗೆ ಕೊಟ್ಟ.

"ತಡೀರಿ, ಮೊದಲ ದೀಪಾ ಇಳಸೂನು. ಆರಿದ್ರ ಒಳಗ ಗಾಳಿ ಕೆಟ್ಟೈತಿ ಅಂತ ತಿಳೀತೈತಿ," ಎಂದಳು ಅವಳು.

"ಸರ ನಿಂತಾರ, ನಿಂದೊಂದ ದೀಪಾ!" ಎಂದು ಇಳಿದೇಬಿಟ್ಟ.

"ಒಂದ ಸಿಕ್ಕತ್ರೀ..." ಎಂಬ ದನಿ ಕೇಳಿತು. ಆಮೇಲೆ ಏನೂ ಇಲ್ಲ.

"ಏನ್ರೀ? ಮಾತಾಡ್ರಿ!" ಎಂದು ಶಿವಗಂಗವ್ವ ಕೂಗಿದಳು.

ಹಗ್ಗ ಸಡಿಲಾಗಿತ್ತು. ಇವತ್ತೇ ತೋರಿಸೆಂದು ಹೇಳಿಕಳಿಸಿ ಅವಸರ ಮಾಡಿದವನು ನಾನೇ ಎಂದುಕೊಳ್ಳುತ್ತ ಮಾಸ್ತರರೂ ಹಗ್ಗಕ್ಕೆ ಕೈಹಾಕಿದರು. ಇಬ್ಬರೂ ಎಳೆದರೂ ಭಾರ ಅಲುಗಲಿಲ್ಲ. ಕೂಗು ಕೇಳಿ ಪಕ್ಕದ ಮನೆಯ ಲಗಮಣ್ಣ ಓಡಿಬಂದ ಮೇಲೆಯೇ ಮುರಗೆಪ್ಪ ಮೇಲೆ ಬಂದದ್ದು; ತುಟಿ ನೀಲಿ, ಕಣ್ಣು ಮುಚ್ಚಿತ್ತು. ಶಿವಗಂಗವ್ವ ಅವನ ಎದೆ ತಿಕ್ಕಿದಳು, ಹೆಸರು ಹಿಡಿದು ಕರೆದಳು. ಹುಟ್ಟಿದಂದಿನಿಂದ ಅಷ್ಟು ಉದ್ದದ ಗಳಿಗೆಯನ್ನು ಮಾಸ್ತರರು ಕಂಡಿರಲಿಲ್ಲ. ಕಡೆಗೊಮ್ಮೆ ಅವನು ಕೆಮ್ಮಿದ.

"ಟೆಂಟ... ಕೆಟ್ಟಾವೇನ್ರಿ ಸರ?"

"ಆ ಟೆಂಟಿಗೆ ಮಣ್ಣ ಹಾಕ್ಲಿ! ಮೊದಲ ಉಸರಾಡ್ರಿ," ಎಂದು ಶಿವಗಂಗವ್ವ ಬೈಯುತ್ತಲೇ ಅತ್ತಳು.

ಮೂರು ದಿನ ಬಾಯಿ ತೆರೆದಿಟ್ಟು, ತಳದವರೆಗೂ ದೀಪ ಉರಿದ ಮೇಲೆ ಡೇರೆಗಳನ್ನು ಕೊಕ್ಕೆಯಿಂದ ಎತ್ತಿದರು. ಬೂಷ್ಟಿನ ಕರಿ ಚುಕ್ಕೆ ತಿಂದು ಎರಡು ಹರಿದೇ ಹೋದವು.

ಹಗೇವು ಮುಚ್ಚಿಸಿ ಆರು ವರ್ಷವಾಯಿತು. ಮುರಗೆಪ್ಪ ಈಗಲೂ ಶಾಲೆಯಲ್ಲೇ ಇದ್ದಾನೆ. ಶಿಬಿರದ ಹುಡುಗರಿಗೆ, "ನಿಮ್ಮ ಉಸರೇ ಟೆಂಟಿನ ಅರಿವಿಗೆ ನೀರಾಗಿ ಕೂಡತೈತಿ, ಕಿಡಕಿ ತಗೀರಲೇ," ಎಂದು ಗದರುತ್ತಾನೆ. ಶಿಬಿರ ಮುಗಿದ ಮೇಲೆ ಡೇರೆಗಳನ್ನು ಬಯಲಿನ ಗಾಳಿಗೆ ಹರವಿ, ಹೊಲಿಗೆಯ ಸಾಲನ್ನು ಬೆರಳಿನಿಂದ ಮುಟ್ಟಿಮುಟ್ಟಿ ನೋಡಿ, ಸಡಿಲಾಗಿ ಅರಿವೆಯ ಚೀಲಕ್ಕೆ ತುಂಬಿ ಜಂತಿಗೆ ತೂಗುಹಾಕುತ್ತಾನೆ. ಆದರೆ ನಿಂತ ಡೇರೆಯ ಒಳಗೆ ಒರೆಸಲು ಹೋಗುವ ಮುನ್ನ ಎರಡೂ ಬಾಗಿಲು ಎತ್ತಿ ಕಟ್ಟಿ, ಹೊರಗೇ ನಿಂತು ತುಸು ಹೊತ್ತು ಕಾಯುತ್ತಾನೆ.