ಎರಡು ಬೆರಳಿನ ಬೇವಿನ ತುಂಡು

ಕಳೆದ ವಾರ ಹಿತ್ತಲಿನ ಈಜುತೊಟ್ಟಿ ಬದಲಿಸುವಾಗ, ಅದರ ಸುತ್ತಲಿನ ಮರದ ಕಟ್ಟೆಯ ಕೆಳಗೆ ಒಂದು ಬೇವಿನ ತುಂಡು ಸಿಕ್ಕಿತು. ದಪ್ಪ ಸರಿಯಾಗಿ ಎರಡು ಬೆರಳು. ಮೂಗಿಗೆ ಹಿಡಿದರೆ ಇನ್ನೂ ಅಗಸೆ ಎಣ್ಣೆಯ ವಾಸನೆ... ಕಂಪ್ಲಿಯ ಬಡಿಗೇರ ಅಜ್ಜ ಎದುರಿಗೇ ಬಂದು ಕೂತಂತಾಯಿತು.

ಆರು ವರ್ಷದ ಹಿಂದೆ ನನ್ನ ಹೆಂಡತಿಗೆ ಸೊಂಟದ ಆಪರೇಷನ್ ಆಗಿತ್ತು. ಎದೆಮಟ್ಟದ ನೀರಿನಲ್ಲಿ ದಿನಾ ನಡೆದರೆ ಕಾಲಿಗೆ ಮತ್ತೆ ಬಲ ಬರುತ್ತದೆ ಎಂದು ಹೊಸಪೇಟೆಯ ಡಾಕ್ಟರು ಹೇಳಿದರು. ಕಡ್ಡಿರಾಂಪುರದ ನಮ್ಮ ಹಿತ್ತಲಿನಲ್ಲಿ ಎರಡಡಿ ಅಗೆದರೆ ಬಂಡೆ. ಹಾಗಾಗಿ ನೆಲದ ಮೇಲೆಯೇ ನಿಲ್ಲಿಸುವ ತೊಟ್ಟಿ ತರಿಸಿದೆ. ಕಬ್ಬಿಣದ ಕಂಬಿ, ದಪ್ಪ ತಾಡಪಾಲು. ಜೊತೆಗೊಂದು ಕಡ್ಡಿಯಂಥ ಏಣಿ. ಅವಳು ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಮುಖ ಕಿವುಚಿ, ವಾಪಸು ಹೋಗಿ ಮಲಗಿಬಿಟ್ಟಳು. ಮೂರು ದಿನ ಆ ಕಡೆ ನೋಡಲಿಲ್ಲ. ಇನ್ನು ಇವಳು ಏಳುವುದೇ ಇಲ್ಲವೇನೋ ಎಂದು ನನಗೆ ನಿಜಕ್ಕೂ ಭಯವಾಯಿತು.

ಯಾರೋ ಈ ಅಜ್ಜನ ಹೆಸರು ಹೇಳಿದರು. ಆಯುಷ್ಯವೆಲ್ಲ ಎತ್ತಿನ ಬಂಡಿ ಮಾಡಿದವರು. ಬಂದವರು ತೊಟ್ಟಿಯನ್ನು ನೋಡಲೇ ಇಲ್ಲ. ನೆಲದ ಮೇಲೆ ಒಂದು ಇಟ್ಟಿಗೆ ಇಟ್ಟು, "ಅಮ್ಮಾರ, ಇದರ ಮ್ಯಾಲ ಕಾಲಿಡ್ರಿ" ಅಂದರು. ಇಟ್ಟಳು. ಇನ್ನೊಂದು ಪೇರಿಸಿದರು. ಹಲ್ಲು ಕಚ್ಚಿದಳು. ಮೇಲಿನದನ್ನು ತೆಗೆದು ಒಂದು ಹಂಚು ಇಟ್ಟರು. ಅವಳ ಮುಖ ನೋಡುತ್ತಲೇ ಮೆಟ್ಟಿಲಿನ ಅಳತೆ ತೆಗೆದರು.

"ಎತ್ತಿನ ಹೆಗಲು ನೋಡದ ನೊಗ ಕಡಿಬಾರದ್ರಿ," ಅಂದರು.

"ನನ್ನನ್ನ ಎತ್ತು ಮಾಡಿದ್ರೇನು ಅಜ್ಜಾರ?" ಎಂದು ಅವಳು ನಕ್ಕಳು. ತಿಂಗಳುಗಟ್ಟಲೆ ಕೇಳದ ನಗು ಅದು.

ಆರು ಮೆಟ್ಟಿಲು ಸಾಕೆಂದು ನನ್ನ ಲೆಕ್ಕ. ಅವರು ಹನ್ನೊಂದು ಮಾಡಿದರು. ನೀರೊಳಗೆ ಇಳಿಯುವ ಮೆಟ್ಟಿಲು ತೇಲದಂತೆ ಕಲ್ಲು ಕಟ್ಟಿ, ತಾಡಪಾಲು ಹರಿಯದಂತೆ ಅದರ ಕಾಲಿಗೆ ಹಳೆಯ ಟೈರಿನ ರಬ್ಬರು ಸುತ್ತಿದರು. ಏರುವಾಗ ಮೊಣಕಾಲಿನ ಮೇಲೆ ಕೈ ಊರುತ್ತಿದ್ದರು. ವಯಸ್ಸು ಅಂದುಕೊಂಡೆ.

ಅಮಾವಾಸ್ಯೆ ಬಂತು. ಆ ದಿನ ಅವರು ಉಳಿ ಮುಟ್ಟುವವರಲ್ಲ. ತೊಟ್ಟಿಯ ಸುತ್ತಲಿನ ಕಟ್ಟೆಗೆ ಕೊನೆಯ ಸಾಲಿನ ಹಲಗೆ ಮಾತ್ರ ಬಾಕಿ. ನನಗೋ ಕಾಯುವ ಜಾಯಮಾನವೇ ಇಲ್ಲ. ನಾನೇ ಸುತ್ತಿಗೆ ಹಿಡಿದು, ಖಾಲಿ ತೊಟ್ಟಿಯ ಅಂಚಿಗೆ ಒತ್ತಿ, ಒಂದು ಕೂದಲೂ ತೂರದಂತೆ ಹಲಗೆ ಜಡಿದೆ. ಭಾರೀ ಕೆಲಸ ಮಾಡಿದೆನೆಂದು ಬೀಗಿದ್ದೂ ಉಂಟು.

ಮರುದಿನ ಅಜ್ಜ ಬಂದು ಅಂಚಿನ ಮೇಲೆ ಕೈಯಾಡಿಸಿದರು. ಬೈಯಲಿಲ್ಲ.

"ಖಾಲಿ ಐತಿ ಅಂತ ಹಿಂಗ ಕಾಣ್ತೈತಿ ಸರ. ನೀರು ತುಂಬಿದ್ರ ಹೊಟ್ಟಿ ಬರ್ತೈತಿ. ಒತ್ತಿ ಹರಿದ್ರ ಆಗ ಅಮ್ಮಾರು ಎಲ್ಲಿ ನಿಂತಿರ್ತಾರ, ವಿಚಾರ ಮಾಡ್ರಿ."

ಅವರು ಒಂದೊಂದೇ ಮೊಳೆ ಕಿತ್ತರು. ನೀರು ತುಂಬಿಸಿದರು. ಒಂದು ರಾತ್ರಿ ಹಾಗೇ ಬಿಟ್ಟು, ತೊಟ್ಟಿ ಉಬ್ಬುವಷ್ಟು ಉಬ್ಬಿದ ಮೇಲೆ, ಈ ಬೇವಿನ ತುಂಡನ್ನು ಅಂಚಿಗೂ ಹಲಗೆಗೂ ನಡುವೆ ಇಟ್ಟು ಸುತ್ತಲೂ ಎರಡು ಬೆರಳು ಜಾಗ ಬಿಟ್ಟು ಹಲಗೆ ಕೂಡಿಸಿದರು. ಕಟ್ಟೆ ತನ್ನ ಕಾಲಿನ ಮೇಲೆ ತಾನೇ ನಿಂತಿತು.

ಅವಳು ಹನ್ನೊಂದು ಮೆಟ್ಟಿಲು ಹತ್ತಿ ನೀರಿಗಿಳಿದಾಗ ಅಜ್ಜ ಬರಿಗಾಲಿನಲ್ಲಿ ಪಕ್ಕದಲ್ಲೇ ನಿಂತಿದ್ದರು. "ಅಜ್ಜಾರ, ನೀವೂ ಒಂದ್ಸಲ ಇಳೀರಿ," ಎಂದಳು.

"ಇನ್ನೊಮ್ಮೆ ಬಂದಾಗ ನೋಡೂಣ್ರಿ."

ನಾನು ಅವರ ಕಂಪ್ಲಿ ಬಸ್ಸಿಗೆ ಹೊತ್ತಾಯಿತೆಂದು ಬೈಕ್ ಚಾಲೂ ಮಾಡಿದೆ.

ಐದು ತಿಂಗಳಲ್ಲಿ ಅವಳು ಕೋಲು ಬಿಟ್ಟಳು. ಈಗ ಕಮಲಾಪುರದ ಸಂತೆಗೆ ಒಬ್ಬಳೇ ಹೋಗಿ, ನನಗೆ ಹೊರಲಾಗದಷ್ಟು ತರಕಾರಿ ತರುತ್ತಾಳೆ. ತೊಟ್ಟಿ ಮಾತ್ರ ಬಿಸಿಲಿಗೆ ಸವೆದು ಹೋಯಿತು. ಅದನ್ನು ಬಿಚ್ಚಿ ಎಳೆದಾಗ ಕಟ್ಟೆ ಮಿಸುಕಲಿಲ್ಲ. ಹೊಸದು ಅದೇ ಜಾಗದಲ್ಲಿ ಕೂತಿತು. ಖುಷಿಗೆ ಅಜ್ಜನಿಗೆ ಫೋನ್ ಮಾಡಿದೆ. ಸೊಸೆ ಎತ್ತಿದರು. ಹೋದ ಶ್ರಾವಣದಲ್ಲಿ ತೀರಿಕೊಂಡರಂತೆ... ಕೊನೆಗೆ ಮೊಣಕಾಲು ಪೂರಾ ಹಿಡಿದು, ಮನೆಯ ಹೊಸ್ತಿಲು ದಾಟಲೂ ಆಗುತ್ತಿರಲಿಲ್ಲವಂತೆ.

ಹೆಂಡತಿ ಆ ತುಂಡನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತಳು. ಇಬ್ಬರಿಗೂ ಒಂದೇ ನೆನಪು: "ಇನ್ನೊಮ್ಮೆ ಬಂದಾಗ ನೋಡೂಣ್ರಿ." ಆ ಮೆಟ್ಟಿಲು, ಆ ನೀರು, ಎರಡೂ ಅವರ ಕಾಲಿಗೂ ಆಗಿಬರುತ್ತಿದ್ದವು. ಒಂದು ಹಲಗೆಯಾದರೂ ಸಡಿಲಾಗಿದ್ದರೆ ಅವರನ್ನು ಮತ್ತೆ ಕರೆಸುತ್ತಿದ್ದೆ. ಆರು ವರ್ಷದಲ್ಲಿ ಒಂದೂ ಸಡಿಲಾಗಲಿಲ್ಲ.