ಡಿಕ್ಕಿಯ ಮೇಲಿನ ಎರಡು ಕೈಗಳು

ಆ ಮನೆಯಲ್ಲಿ ಬೆಳಗ್ಗೆ ಮೊದಲು ಒಲೆ ಏರುತ್ತಿದ್ದುದು ಹಾಲಲ್ಲ, ಕಾರಿನ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳು. ರಾತ್ರಿಯ ತಂಡಿಗೆ ಅವು ಥಂಡಾ ಹೊಡೆದಿರುತ್ತವೆ, ಬಿಸಿ ಮಾಡಿ ಹಾಕಿದರೆ ಬೇಗ ಕಿಡಿ ಹಾರುತ್ತದೆ ಎಂಬುದು ಯಜಮಾನರ ಶಾಸ್ತ್ರ. ಕಾವಲಿಯ ಮೇಲೆ ಅವನ್ನು ಹೊರಳಿಸುವ ಕೆಲಸ ಹೆಂಡತಿಯದು. ಆಮೇಲೆ ಅದೇ ಕಾವಲಿಯನ್ನು ಸೋಪು ಹಾಕಿ ತಿಕ್ಕಿ ತಿಂಡಿಗೆ ಇಡುವುದೂ ಅವಳದೇ.

"ಹುಟ್ಟಿದಾಗ ಇವನಿಗೂ ಇಷ್ಟು ಕಾವು ಕೊಟ್ಟಿರ್ಲಿಲ್ಲ ನಾನು" ಎಂದು ಅತ್ತೆ ಕುರ್ಚಿಯಲ್ಲಿ ಕೂತೇ ಹೇಳುತ್ತಿದ್ದರು. ಮಾತು ಮಗನ ಪರವೋ ಸೊಸೆಯ ಪರವೋ ಗೊತ್ತಾಗುತ್ತಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟು ಎರಡೂ ಕಡೆಯ ತಮಾಷೆ ನೋಡುವ ಜೀವ ಅದು.

ಯಜಮಾನರು ನೀರು ಸರಬರಾಜು ಕಚೇರಿಯ ಹೆಡ್ ಕ್ಲರ್ಕು. ಕಾರು ವಯಸ್ಸಿನಲ್ಲಿ ಅವರಿಗಿಂತ ಎರಡು ವರ್ಷ ದೊಡ್ಡದು. ಹೆಸರು ರಾಣಿ. ಹೆಂಡತಿಯ ಹೆಸರು ಮದುವೆಯಾದಂದಿನಿಂದ 'ಏ ಇವಳೇ'. ಹಳೇ ಕಾರು ಸಾಕುವವರು ಬೇಕಾದಷ್ಟು ಜನ ಇದ್ದಾರೆ. ಭಾನುವಾರ ಹೊದಿಕೆ ತೆಗೆದು, ಒಂದು ಸುತ್ತು ಹೊಡೆದು, ಮತ್ತೆ ಹೊದಿಸಿ ಮಲಗಿಸುತ್ತಾರೆ. ಇವರು ಅಂಥವರಲ್ಲ.

"ಕಾರು ಅಂದ್ರೆ ಓಡ್ಬೇಕು. ಷೋಕೇಸಿನ ಬೊಂಬೆ ಅಲ್ಲ. ಹತ್ತೊಂಬತ್ತು ವರ್ಷದಿಂದ ದಿನಾ ಇದ್ರಲ್ಲೇ ಆಫೀಸಿಗೆ ಹೋಗ್ತಾ ಇದೀನಿ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಹೇಳದೆ ಬಿಟ್ಟದ್ದು ಒಂದೇ. ಕಾರಿನ ಇಂಜಿನ್ನು ಎಬ್ಬಿಸುವ ಸೆಲ್ಫ್ ಮೋಟರು ಸುಟ್ಟು ಹದಿಮೂರು ವರ್ಷವಾಗಿತ್ತು. ಬೇರೆ ಕಂಪನಿಯದು ಕೂರುತ್ತದೆ ಎಂದು ಗ್ಯಾರೇಜಿನ ಮೇಸ್ತ್ರಿ ಅಂದೇ ಹೇಳಿದ್ದ. "ಒರಿಜಿನಲ್ ಅಲ್ಲದ್ದು ರಾಣಿ ಮೈಗೆ ಸೇರಕೂಡದು" ಎಂದು ಯಜಮಾನರು ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟರು. ಅವತ್ತಿನಿಂದ ಗೇಟಿನಿಂದ ಇಳಿಜಾರಿನ ಬಾಯಿಯವರೆಗೆ ನಲವತ್ತೆರಡು ಹೆಜ್ಜೆ ತಳ್ಳುವುದು ಅವಳ ಪಾಲಿಗೆ ಬಂತು. ಸ್ಟೇರಿಂಗು ಅವರ ಕೈಯಲ್ಲಿ. ಕ್ಲಚ್ಚು ಬಿಡುವ ಹದ ಎಲ್ಲರಿಗೂ ಬರುವುದಿಲ್ಲವಂತೆ.

ಇಂಜಿನ್ನು ಹಿಡಿದ ಮೇಲೆ ಅವರು ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸಿದರೆ ಆಫ್ ಆಗುತ್ತದೆ. ತಳ್ಳಿದವಳು ಹೊಗೆಯಲ್ಲಿ ನಿಂತು ಉಸಿರು ಹಿಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಬಸ್ಸಿಗೆ ಓಡುತ್ತಿದ್ದಳು. ಅವಳ ಆಸ್ಪತ್ರೆಯ ದಾರಿಯಲ್ಲಿ ಒಂದು ಏರು ಇತ್ತು. ರಾಣಿಗೆ ಏರು ಆಗಿಬರುವುದಿಲ್ಲವಂತೆ.

ಅವರ ಕಚೇರಿ ತೆಗೆಯುವುದು ಹತ್ತಕ್ಕೆ. ಆದರೆ ಕಚೇರಿಯ ಆವರಣದಲ್ಲಿ ಇದ್ದುದು ಒಂದೇ ಮರ. ಏಳರೊಳಗೆ ಹೋಗಿ ಅದರ ನೆರಳು ಹಿಡಿಯದಿದ್ದರೆ ರಾಣಿಯ ಬಣ್ಣ ಬಿಸಿಲಿಗೆ ಮಾಸುತ್ತದೆ. ಹಾಗಾಗಿ ಇವರು ಏಳರಿಂದ ಹತ್ತರವರೆಗೆ ಮರದಡಿ ಕಾರಿನಲ್ಲಿ ಕೂತು ಪೇಪರು ಓದುತ್ತಿದ್ದರು. ಆ ಪೇಪರಿನ ಸಲುವಾಗಿ ಆರೂ ಮುಕ್ಕಾಲಿಗೆ ಅವಳ ಸೊಂಟ ಮುರಿಯಬೇಕಿತ್ತು.

ಗ್ಯಾರೇಜಿನ ಮೇಸ್ತ್ರಿ ಒಮ್ಮೆ ಬಾಗಿಲ ಹಿಡಿ ಸರಿಮಾಡುತ್ತ ಮೆಲ್ಲಗೆ ಹೇಳಿದ್ದ: "ಅಮ್ಮಾ, ನೀವು ಮನೇಲಿರೋವರೆಗೂ ಸಾರ್ ಸೆಲ್ಫ್ ಹಾಕಿಸಲ್ಲ ಬಿಡಿ."

ಅವಳು ನಕ್ಕಿದ್ದಳು. ಮಾತು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಅಲ್ಲೇ ಉಳಿಯಿತು.

ಗಾಡಿ ಅವಳಿಗೆ ಹೊಸದೇನಲ್ಲ. ಅಪ್ಪ ಬೇಕರಿಯವರು. ಮದುವೆಗೆ ಮೊದಲು ಮೂರು ವರ್ಷ ಅಪ್ಪನ ಮುರುಕಲು ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕಿ ಬರುತ್ತಿದ್ದವಳು ಅವಳೇ. ಲೈಸೆನ್ಸು ಈಗಲೂ ಚಾಲ್ತಿಯಲ್ಲಿತ್ತು, ಬೀರುವಿನಲ್ಲಿ ಮಡಿಸಿಟ್ಟ ಸೀರೆಗಳ ಅಡಿಯಲ್ಲಿ. "ರಾಣಿಗೆ ಒಂದೇ ಕೈ ಅಭ್ಯಾಸ" ಎಂದು ಯಜಮಾನರು ಆ ವಿಷಯ ಮುಗಿಸಿದ್ದರು. ಎಲ್ಲಾದರೂ ಜೊತೆಯಾಗಿ ಹೊರಟರೆ ಎಡಗಡೆಯ ಇಂಡಿಕೇಟರ್ ಅವಳೇ; ಕಿಟಕಿಯಿಂದ ಕೈ ಚಾಚಬೇಕು. ಅವಳ ಕಡೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳದು ಬೇರೆಯೇ ವೈಭವ. ಆಪರೇಷನ್ನಿನ ಕತ್ತರಿ, ಇಕ್ಕಳ, ಸೂಜಿಗಳನ್ನು ತೊಳೆದು, ಬಟ್ಟೆಯಲ್ಲಿ ಕಟ್ಟಿ, ಹಬೆಯ ಯಂತ್ರದಲ್ಲಿ ಬೇಯಿಸಿ ಕಳಿಸುವ ಕೋಣೆ ಅವಳದು. ಹದಿನೇಳು ವರ್ಷದಲ್ಲಿ ಒಂದು ಕಟ್ಟೂ ವಾಪಸ್ ಬಂದದ್ದಿಲ್ಲ. ಎಲ್ಲರಿಗೂ ಅವಳು 'ಇಕ್ಕಳದಕ್ಕ'. ದೊಡ್ಡ ಡಾಕ್ಟರು ಕೂಡ "ಇಕ್ಕಳದಕ್ಕ ಕಟ್ಟಿದ್ದೇ ತಗೊಂಡ್ಬನ್ನಿ" ಎನ್ನುತ್ತಿದ್ದರು. ಈಗ ಕೋಣೆಯ ಇನ್‌ಚಾರ್ಜ್ ನಿವೃತ್ತರಾಗುತ್ತಿದ್ದರು, ಆ ಜಾಗ ಅವಳಿಗೇ ಎಂದು ಎಲ್ಲರ ಬಾಯಲ್ಲೂ ಇತ್ತು. ತೊಡಕು ಒಂದೇ. ಏಳೂವರೆಗೆ ಹಬೆಯ ಯಂತ್ರ ಶುರುವಾಗಬೇಕು, ಈ ತಿಂಗಳು ಎರಡು ಸಲ ರಾಣಿ ಮೊಂಡು ಹಿಡಿದು ಅವಳಿಗೆ ಬಸ್ಸು ತಪ್ಪಿತ್ತು.

ಮೇಟ್ರನ್ ಕರೆದು ಹೇಳಿದ್ದರು: "ನೋಡಮ್ಮಾ, ಸೋಮವಾರ ಪಟ್ಟಿ ಹಾಕ್ತೀನಿ. ಅಷ್ಟರಲ್ಲಿ ಮೂರನೇ ಸಲ ತಡ ಆದ್ರೆ ನಿನ್ನ ಹೆಸರು ಬರೆಯೋಕೆ ನನ್ನ ಕೈ ಬರಲ್ಲ. ದಿನಾ ಏನು ನಿಂಗೆ ಅಷ್ಟೊಂದು ಕೆಲಸ ಬೆಳಗ್ಗೆ?"

ಕಾರು ತಳ್ಳುತ್ತೇನೆ ಎನ್ನಲು ಅವಳಿಗೆ ನಾಚಿಕೆಯಾಯಿತು. "ಮನೇಲಿ ವಯಸ್ಸಾದವ್ರಿದ್ದಾರೆ" ಎಂದಳು. ರಾಣಿಯ ಮಾಡೆಲ್ ವರ್ಷದ ಪ್ರಕಾರ ಅದೂ ನಿಜವೇ.

ಆ ಸೋಮವಾರದ ಹಿಂದಿನ ದಿನ, ಭಾನುವಾರ, ಹಳೇ ಕಾರಿನವರ ಸಂಘ ಯಜಮಾನರಿಗೆ ಶಾಲು ಹೊದಿಸಿತು. 'ಹಳೇ ಕಾರನ್ನು ದಿನಬಳಕೆಗೆ ಇಳಿಸಿದ ಧೀರ' ಎಂದು ಫಲಕದಲ್ಲಿ ಕೊರೆದಿತ್ತು. ಮಾರನೇ ದಿನ ಪೇಪರಿನಲ್ಲಿ ಫೋಟೋ ಬಂತು, ಮನೆಯ ಬೀದಿಯಲ್ಲೇ ತೆಗೆದದ್ದು. ಸ್ಟೇರಿಂಗ್ ಹಿಡಿದ ಯಜಮಾನರ ಮುಖದಲ್ಲಿ ಲೋಕ ಗೆದ್ದ ಕಳೆ. ಹಿಂದೆ ಡಿಕ್ಕಿಯ ಮೇಲೆ ಎರಡು ಕೈಗಳು. ಮೊಣಕೈಯಿಂದ ಆಚೆಗೆ ಪೇಪರಿನವರು ಕತ್ತರಿಸಿದ್ದರು.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಯಾರದೋ ಕೈ ಬಂದಿದೆಯಲ್ಲೋ ಇಲ್ಲಿ?"

"ಅದು ಬಿಡಮ್ಮ, ಹಿಂದಿನ ಬಂಪರ್ ಎಷ್ಟು ಹೊಳೀತಿದೆ ನೋಡು."

ಬಂಪರನ್ನು ಉಜ್ಜಿದ್ದೂ ಆ ಕೈಗಳೇ, ಅವಳದೊಂದು ಹತ್ತಿಯ ಸೀರೆ ಹರಿದು.

ಅವತ್ತು ಸೋಮವಾರ. ಫೋಟೋ ನೋಡಿದ ಅಕ್ಕಪಕ್ಕದವರು ಪೇಪರು ಹಿಡಿದೇ ಗೇಟಿಗೆ ಬಂದು ನಿಂತಿದ್ದರು. ಅವಳು ಕೈಚೀಲ ಹೆಗಲಿಗೆ ಹಾಕಿಕೊಂಡೇ ತಳ್ಳಿದಳು. ನಲವತ್ತೆರಡು ಹೆಜ್ಜೆಯಲ್ಲಿ ಮೂವತ್ತಾಯಿತು, ಕಾರು ಒಂದು ಸಲ ಕೆಮ್ಮಿ ನಿಂತಿತು. ಗಂಟೆ ಆರು ಐವತ್ತೆರಡು. ಬಸ್ಸಿಗೆ ಮೂರು ನಿಮಿಷ.

ಕುಣಿಯಲಾರದವಳಿಗೆ ನೆಲ ಡೊಂಕಂತೆ. ಯಜಮಾನರಿಗೆ ಹೆಂಡತಿಯೇ ಡೊಂಕಾಗಿ ಕಂಡಳು. ಕಿಟಕಿಯಿಂದ ತಲೆ ಹೊರಹಾಕಿ, ನೆರೆಯವರಿಗೂ ಕೇಳಿಸುವಂತೆ ಹೇಳಿದರು: "ಏ ಇವಳೇ, ತೋಳಿಂದ ತಳ್ಳಿದ್ರೆ ಆಗುತ್ತಾ? ಸೊಂಟದಿಂದ ತಳ್ಳಬೇಕು, ಸೊಂಟದಿಂದ. ಹದಿಮೂರು ವರ್ಷ ಆಯ್ತು, ಇನ್ನೂ ಕಲೀಲಿಲ್ಲ."

ಅವಳು ಡಿಕ್ಕಿಯಿಂದ ಕೈ ತೆಗೆದು ನೆಟ್ಟಗೆ ನಿಂತಳು. ಮುಂದಿನ ಬಸ್ಸು ಏಳೂಕಾಲಿಗೆ. ಅದರಲ್ಲಿ ಹೋದರೆ ಏಳೂವರೆ ದಾಟುತ್ತದೆ, ಪಟ್ಟಿಯಲ್ಲಿ ಬೇರೆಯವರ ಹೆಸರು ಬರುತ್ತದೆ.

"ರೀ, ಒಂದ್ಸಲ ನೀವೇ ತೋರಿಸ್ಕೊಡಿ" ಎಂದಳು, ತುಂಬಾ ವಿನಯದಿಂದ. "ಎಲ್ಲಾರೂ ನೋಡ್ಲಿ. ನಾನು ಕ್ಲಚ್ಚು ಹಿಡ್ಕೊಂಡು ಕೂತಿರ್ತೀನಿ."

ಕಲಿಸಿಕೊಡಿ ಎಂದು ಹೆಂಡತಿ ಕೇಳಿದರೆ, ಅದೂ ಜನರ ಮುಂದೆ, ಒಲ್ಲೆ ಎನ್ನುವ ಗಂಡಸು ಆ ಬೀದಿಯಲ್ಲಿ ಹುಟ್ಟಿರಲಿಲ್ಲ. ಯಜಮಾನರು ಇಳಿದರು, ಅಂಗಿಯ ತೋಳು ಮಡಿಸಿದರು, ಸೊಂಟದ ಮಹತ್ವದ ಬಗ್ಗೆ ನಾಲ್ಕು ಮಾತಾಡಿ ತಳ್ಳತೊಡಗಿದರು. ಹತ್ತನೇ ಹೆಜ್ಜೆಗೆ ಮಾತು ನಿಂತಿತು. ಹನ್ನೆರಡನೆಯದಕ್ಕೆ ಇಳಿಜಾರು ಬಂತು. ಅವಳು ಎರಡನೇ ಗೇರಿನಲ್ಲಿ ಮೆಲ್ಲಗೆ ಕ್ಲಚ್ಚು ಬಿಟ್ಟಳು. ಬ್ರೆಡ್ಡಿನ ವ್ಯಾನಿನದೇ ಹದ. ರಾಣಿ ಒಮ್ಮೆ ನಡುಗಿ, ಗಂಟಲು ಸರಿಮಾಡಿಕೊಂಡು ಹೊರಟಳು.

"ನಿಲ್ಸು, ಏ, ನಿಲ್ಸೇ."

"ನಿಲ್ಸಿದ್ರೆ ಆಫ್ ಆಗುತ್ತಲ್ರೀ" ಎಂದು ಕಿಟಕಿಯಿಂದ ಉತ್ತರ ಬಂತು. ತಿರುವಿನಲ್ಲಿ ಒಂದು ಕೈ ಹೊರಗೆ ಚಾಚಿತು, ಮಡಚಿಕೊಂಡಿತು.

ಆಸ್ಪತ್ರೆಯ ದಾರಿಯ ಏರನ್ನು ರಾಣಿ ಮೂರನೇ ಗೇರಿನಲ್ಲಿ ಹತ್ತಿದಳು, ತುಟಿ ಪಿಟಕ್ಕೆನ್ನದೆ. ಸ್ಟೇರಿಂಗು ಹಿಡಿದವಳಿಗೆ ಸಿಟ್ಟು ಬಂದದ್ದು ಆಗ ಮಾತ್ರ. ಹದಿನೇಳು ವರ್ಷ ಅವಳು ಆ ಏರನ್ನು ಬಸ್ಸಿನ ಕಂಬಿಗೆ ಜೋತು ಹತ್ತಿದ್ದಳು.

ಆಸ್ಪತ್ರೆಯ ಹಿಂಬದಿಯ ಇಳುಕಲಿನಲ್ಲಿ, ಸಂಜೆ ತಾನಾಗಿ ಉರುಳುವಂತೆ ಮೂತಿ ಕೆಳಮುಖವಾಗಿ ಕಾರು ನಿಲ್ಲಿಸಿದಳು. ಚಕ್ರಕ್ಕೆ ಕಲ್ಲು ಕೊಡುತ್ತ ಕಾವಲಿನವನು ಕೇಳಿದ: "ಅಕ್ಕಾ, ಸಂಜೆ ಇದನ್ನ ತಳ್ಳೋರ್ಯಾರು?"

"ತಳ್ಳೋದು ಕಲಿತಿರೋರು ಒಬ್ರು ಬರ್ತಾರೆ. ಬಸ್ ನಂಬರ್ ಗೊತ್ತಿಲ್ಲ ಅವರಿಗೆ, ತಡ ಆಗಬಹುದು."

ಏಳು ಹದಿನೆಂಟಕ್ಕೆ ಹಬೆಯ ಯಂತ್ರ ಸದ್ದು ಮಾಡಿತು. ಎಂಟಕ್ಕೆ ಗೋಡೆಗೆ ಪಟ್ಟಿ ಬಿತ್ತು, ಮೊದಲ ಸಾಲಿನಲ್ಲಿ ಇಕ್ಕಳದಕ್ಕನ ನಿಜವಾದ ಹೆಸರು. ಅದು ಯಾರದೆಂದು ಕೆಲವರು ಕೇಳಿ ತಿಳಿದುಕೊಳ್ಳಬೇಕಾಯಿತು.

ಯಜಮಾನರಿಗೆ ಆ ದಿನವೇ ಸೊಂಟ ಹಿಡಿಯಿತು. ಬುಧವಾರ ಮೇಸ್ತ್ರಿ ಹೊಸ ಸೆಲ್ಫ್ ಮೋಟರು ತಂದ. "ಸಾರ್, ಇದು ಒರಿಜಿನಲ್ ಅಲ್ಲ, ನೆನಪಿರ್ಲಿ."

"ಹಾಕಯ್ಯ ಸುಮ್ನೆ" ಎಂದು ಯಜಮಾನರು ಜಗಲಿಯ ಮೇಲೆ ಬಿಸಿನೀರಿನ ಚೀಲಕ್ಕೆ ಒರಗಿ ನರಳಿದರು. "ನನ್ನ ಸೊಂಟ ಒರಿಜಿನಲ್ಲು."

ಅತ್ತೆ ಕುರ್ಚಿಯಿಂದ ಮಗನನ್ನೂ, ಚಪ್ಪಲಿ ಮೆಟ್ಟುತ್ತಿದ್ದ ಸೊಸೆಯನ್ನೂ ಒಮ್ಮೆ ನೋಡಿದರು. "ಹಾಗಾದ್ರೆ ಇವಳದ್ದು ಯಾವ ಗುಜರಿಯಿಂದ ತಂದದ್ದೋ?"